ಕಡಿಮೆ ಬೆಲೆಯ ಹಗುರ ಲ್ಯಾಪ್‌ಟಾಪ್ ತಗೋತೀರಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

ಜಯನಗರ: ಪಿಯುಸಿ ರಿಸಲ್ಟ್ ಬಂದು ಡಿಗ್ರಿ ಅಡ್ಮಿಷನ್ ಶುರುವಾದ ಮೇಲೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಮಗಳಿಗೋ ಮಗನಿಗೋ ಲ್ಯಾಪ್‌ಟಾಪ್ ಬೇಕು. ಬಸ್ಸಲ್ಲಿ, ಮೆಟ್ರೋದಲ್ಲಿ ಹೊತ್ಕೊಂಡು ಹೋಗೋಕೆ ಹಗುರ ಇರಬೇಕು. ಬಜೆಟ್ ಇಪ್ಪತ್ತು ಸಾವಿರದ ಆಸುಪಾಸು.

ಇಂಥ ಮನೆಗಳಲ್ಲಿ ಈ ದುಡ್ಡು ಸುಮ್ಮನೆ ಬಂದಿರಲ್ಲ. ಚೀಟಿ ಎತ್ತಿರ್ತಾರೆ, ಇಲ್ಲಾಂದ್ರೆ ಇಎಂಐ ಹಾಕಿಸಿರ್ತಾರೆ. ತಪ್ಪು ಮಷೀನ್ ತಂದ್ರೆ ಮೂರು ವರ್ಷದ ಡಿಗ್ರಿ ಮುಗಿಯೋವರೆಗೂ ಇನ್ನೊಂದು ಕೊಳ್ಳೋಕೆ ಆಗಲ್ಲ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಹಗುರ, ಎಷ್ಟು ಅಗ್ಗ ಅನ್ನೋದಲ್ಲ. ನಮ್ಮ ಕೆಲಸ ಇದರಲ್ಲಿ ಆಗುತ್ತಾ, ಮೂರು ವರ್ಷ ಆಗುತ್ತಾ ಅನ್ನೋದು. ಅದನ್ನು ತಿಳಿಯೋದು ಹೇಗೆ? ಇಲ್ಲಿದೆ ವಿವರ.

ಮೊದಲು ಕೆಲಸ, ಆಮೇಲೆ ಮಷೀನ್

2023ರ ಜುಲೈ ಕೊನೆಯಲ್ಲಿ ರಿಲಯನ್ಸ್ ಜಿಯೋ ಹೊಸ ಜಿಯೋಬುಕ್ ಬಿಡುಗಡೆ ಮಾಡಿತು. ಬೆಲೆ 16,499 ರೂಪಾಯಿ, ತೂಕ 990 ಗ್ರಾಂ, ಪರದೆ 11.6 ಇಂಚು, ಒಳಗೇ 4ಜಿ ಸಿಮ್ ಸೌಲಭ್ಯ. ಒಂದು ಕೆಜಿ ಅಕ್ಕಿ ಪ್ಯಾಕೆಟ್‌ಗಿಂತ ಹಗುರ. ಆನ್‌ಲೈನ್ ಕ್ಲಾಸ್ ನೋಡೋಕೆ, ಮೇಲ್ ಕಳಿಸೋಕೆ, ಯುಯುಸಿಎಂಎಸ್ ಪೋರ್ಟಲ್‌ನಂಥ ವೆಬ್‌ಸೈಟಲ್ಲಿ ಅರ್ಜಿ ತುಂಬೋಕೆ ಇಂಥ ಮಷೀನ್ ಸಾಕು.

ಆದರೆ ಅದರಲ್ಲಿರೋದು ವಿಂಡೋಸ್ ಅಲ್ಲ, ಜಿಯೋಒಎಸ್. ಪ್ರೊಸೆಸರ್ ಕೂಡ ಮೊಬೈಲ್‌ನಲ್ಲಿ ಬರೋ ಜಾತಿಯ ಮೀಡಿಯಾಟೆಕ್ ಚಿಪ್. ಬಿ.ಕಾಂ ಓದೋರಿಗೆ ಇಲ್ಲೇ ತೊಡಕು. ಬೆಂಗಳೂರಿನದ್ದೇ ಕಂಪನಿ ಮಾಡಿರೋ ಟ್ಯಾಲಿ ಪ್ರೈಮ್ ಇನ್‌ಸ್ಟಾಲ್ ಮಾಡ್ಬೇಕು ಅಂದ್ರೆ 64 ಬಿಟ್ ವಿಂಡೋಸ್ ಬೇಕು. ಕನ್ನಡ ಟೈಪಿಂಗ್ ಕಲಿತು ಸರ್ಕಾರಿ ಕೆಲಸಕ್ಕೆ ಸಿದ್ಧವಾಗೋರು ಬಳಸೋ ನುಡಿ ತಂತ್ರಾಂಶವೂ ಹೆಚ್ಚಾಗಿ ವಿಂಡೋಸ್ ಮೇಲೇ ನಡೆಯೋದು. ಕ್ರೋಮ್‌ಬುಕ್‌ಗೂ ಇದೇ ಮಾತು. ಬ್ರೌಸರ್ ಕೆಲಸಕ್ಕೆ ಚೆನ್ನಾಗಿದೆ, ಟ್ಯಾಲಿ ಇನ್‌ಸ್ಟಾಲ್ ಮಾಡೋಕೆ ಅಲ್ಲ.

2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ 'ಕಿಯೋ' ಎಂಬ ಕಂಪ್ಯೂಟರ್ ಪರಿಚಯಿಸಿತು. ಘೋಷಿಸಿದ ಬೆಲೆ 18,999 ರೂಪಾಯಿ. ಇದನ್ನೂ ಕೆಲವರು ಲ್ಯಾಪ್‌ಟಾಪ್ ಅಂದ್ಕೊಂಡಿದ್ದಾರೆ. ಅಲ್ಲ. ಅದು ಚಿಕ್ಕ ಡಬ್ಬಿಯಂಥ ಕಂಪ್ಯೂಟರ್. ಮಾನಿಟರ್, ಕೀಬೋರ್ಡ್, ಮೌಸ್ ಜೋಡಿಸಿಕೊಳ್ಳಬೇಕು. ರಿಸ್ಕ್-ಫೈವ್ ಅನ್ನೋ ಬೇರೆ ಮಾದರಿಯ ಪ್ರೊಸೆಸರ್ ಇರೋದರಿಂದ ನಡೆಯೋದು ಲಿನಕ್ಸ್. ಮನೆಯಲ್ಲಿಟ್ಟು ಮಕ್ಕಳು ಓದೋಕೆ ಒಂದು ದಾರಿ, ಬ್ಯಾಗಲ್ಲಿ ಹಾಕ್ಕೊಂಡು ಹೋಗೋಕೆ ಅಲ್ಲ.

ಹಾಗಾಗಿ ಅಂಗಡಿಗೆ ಹೋಗೋ ಮುಂಚೆ ಒಂದು ಚೀಟಿಯಲ್ಲಿ ಬರೀರಿ: ಯಾವ ಸಾಫ್ಟ್‌ವೇರ್ ಬೇಕೇ ಬೇಕು? ಕಾಲೇಜಿನ ಸೀನಿಯರ್‌ಗಳನ್ನು ಕೇಳಿದ್ರೆ ಹೇಳ್ತಾರೆ. ಎಲ್ಲಾ ಬ್ರೌಸರಲ್ಲೇ ಆಗೋದಾದ್ರೆ ದುಡ್ಡು ಉಳಿಸಬಹುದು. ಟ್ಯಾಲಿಯಂಥದ್ದು ಒಂದಿದ್ರೂ ವಿಂಡೋಸ್ ಮಷೀನೇ ನೋಡಿ.

4 ಜಿಬಿ, 64 ಜಿಬಿ ಸಾಕಾ?

ಅಗ್ಗದ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬಾಕ್ಸ್ ಮೇಲೆ 4 ಜಿಬಿ ರ್ಯಾಮ್, 64 ಜಿಬಿ ಸ್ಟೋರೇಜ್ ಅಂತ ಇರುತ್ತೆ. ವಿಂಡೋಸ್ 11 ನಡೆಯೋಕೆ ಮೈಕ್ರೋಸಾಫ್ಟ್ ಹೇಳೋ ಕನಿಷ್ಠ ಲೆಕ್ಕವೂ ಅದೇ. ಅಂದ್ರೆ ಅದು ನೆಲ ಮುಟ್ಟಿದ ಮಟ್ಟ, ಅದಕ್ಕಿಂತ ಕೆಳಗೆ ಇಲ್ಲ. ವಿಂಡೋಸ್ ಒಂದೇ 20 ಜಿಬಿಗೂ ಹೆಚ್ಚು ಜಾಗ ತಿನ್ನುತ್ತೆ. ಆಮೇಲೆ ಅಪ್‌ಡೇಟ್‌ಗಳು, ಬ್ರೌಸರ್, ಫೋಟೋ, ಪಿಡಿಎಫ್. ಸ್ವಲ್ಪ ದಿನಕ್ಕೇ 'ಜಾಗ ಇಲ್ಲ' ಅನ್ನೋ ಸಂದೇಶ ಬರುತ್ತೆ. ಜಾಗ ಇಲ್ಲದೆ ಅಪ್‌ಡೇಟ್ ನಿಂತ್ರೆ ಸುರಕ್ಷತೆಯೂ ಹೋಯ್ತು.

ಸ್ಟೋರೇಜ್ ಎಷ್ಟು ಅನ್ನೋದರ ಜೊತೆ ಯಾವ ತರಹದ್ದು ಅಂತಲೂ ಕೇಳಿ. ಅಗ್ಗದ ಮಷೀನ್‌ಗಳಲ್ಲಿ ಇಎಂಎಂಸಿ ಇರುತ್ತೆ. ಇದು ಮೆಮೊರಿ ಕಾರ್ಡ್‌ನ ಬಂಧು, ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿರ್ತಾರೆ. ನಿಧಾನ, ಬದಲಾಯಿಸೋಕೂ ಆಗಲ್ಲ. ಎಸ್‌ಎಸ್‌ಡಿ ಇದ್ರೆ ವೇಗ ಹೆಚ್ಚು, ಸಾಮಾನ್ಯವಾಗಿ ಬಿಚ್ಚಿ ದೊಡ್ಡದು ಹಾಕಬಹುದು. ದಿನಬಳಕೆಗೆ 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರೋದನ್ನೇ ಹುಡುಕಿ. ಪ್ರೊಸೆಸರ್ ಸ್ವಲ್ಪ ಚಿಕ್ಕದಿದ್ರೂ ಪರವಾಗಿಲ್ಲ, ಇವೆರಡರಲ್ಲಿ ಚೌಕಾಸಿ ಬೇಡ.

'ಆಮೇಲೆ ರ್ಯಾಮ್ ಹಾಕಿಸ್ಕೊಳ್ಳಿ ಸಾರ್' ಅಂತಾರೆ ಅಂಗಡಿಯವರು. ಹಗುರ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ್ಯಾಮ್ ಕೂಡ ಬೆಸುಗೆ ಹಾಕಿದ್ದೇ, ಸ್ಲಾಟೇ ಇರಲ್ಲ. ಸ್ಲಾಟ್ ಇದ್ರೂ ಇನ್ನೊಂದು ಸಮಸ್ಯೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ತಿರೋದರಿಂದ 2025ರ ಕೊನೆಯಿಂದ ರ್ಯಾಮ್ ಬೆಲೆ ಪ್ರಪಂಚದಲ್ಲೆಲ್ಲ ಏರಿದೆ. ರಿಪೇರಿ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿರೋ 'ಕ್ರೂಶಿಯಲ್' ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಆಮೇಲೆ ಹಾಕಿಸೋಣ ಅನ್ನೋ ಲೆಕ್ಕ ಈಗ ಮೊದಲಿನಷ್ಟು ಅಗ್ಗವಲ್ಲ.

ತೂಕ ನೋಡೋವಾಗ ಚಾರ್ಜರ್ ಸೇರಿಸಿ

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬಿಟಿಎಂ ಲೇಔಟ್‌ನಿಂದ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕಾಲೇಜಿಗೆ ಹೋಗೋರಿದ್ದಾರೆ. ಮೆಟ್ಟಿಲು ಹತ್ತಿ ಇಳಿಯೋವಾಗ ಬೆನ್ನಿನ ಮೇಲಿನ ಪ್ರತಿ ನೂರು ಗ್ರಾಂ ಗೊತ್ತಾಗುತ್ತೆ. ತೂಕಕ್ಕೆ ಬೆಲೆ ಇದೆ, ನಿಜ.

ಆದರೆ ಬಾಕ್ಸ್ ಮೇಲಿನ ತೂಕದಲ್ಲಿ ಚಾರ್ಜರ್ ಇರಲ್ಲ. 1.2 ಕೆಜಿ ಲ್ಯಾಪ್‌ಟಾಪ್ ಮಧ್ಯಾಹ್ನಕ್ಕೇ ಆಫ್ ಆಗೋದಾದ್ರೆ ದಿನಾ ಚಾರ್ಜರ್ ಹೊರಬೇಕು. ಆಗ 1.5 ಕೆಜಿ ಇದ್ದು ಇಡೀ ದಿನ ನಡೆಯೋದೇ ವಾಸಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ನೀವೇ ಲೆಕ್ಕ ಹಾಕಬಹುದು. ಬ್ಯಾಟರಿಯ ಅಳತೆ ವ್ಯಾಟ್ ಅವರ್‌ನಲ್ಲಿ ಬರೆದಿರುತ್ತೆ. 38 ವ್ಯಾಟ್ ಅವರ್ ಬ್ಯಾಟರಿ, ಸಾಮಾನ್ಯ ಕೆಲಸಕ್ಕೆ ಮಷೀನ್ ಗಂಟೆಗೆ 8 ವ್ಯಾಟ್ ಅವರ್ ಎಳೆಯುತ್ತೆ ಅಂದ್ಕೊಳ್ಳಿ. 38 ಭಾಗಿಸು 8, ಹತ್ತಿರ ಹತ್ತಿರ ನಾಲ್ಕೂಮುಕ್ಕಾಲು ಗಂಟೆ. ಜಾಹೀರಾತಿನ 'ಹತ್ತು ಗಂಟೆ'ಯನ್ನು ಹೀಗೆ ತೂಗಿ ನೋಡಿ.

ಯುಎಸ್‌ಬಿ-ಸಿ ಚಾರ್ಜಿಂಗ್ ಇದ್ರೆ ಇನ್ನೂ ಒಳ್ಳೇದು. ಚಿಕ್ಕ ಚಾರ್ಜರ್ ಸಾಕು, ಹಾಳಾದ್ರೆ ಬೇರೆ ಕಂಪನಿಯದ್ದೂ ಸಿಗುತ್ತೆ, ವ್ಯಾಟ್ ಹೊಂದಬೇಕಷ್ಟೆ.

ಸೆಕೆಂಡ್ ಹ್ಯಾಂಡ್ ತಗೋಬಹುದಾ?

ತಗೋಬಹುದು. ಕಂಪನಿಗಳು ಮೂರು-ನಾಲ್ಕು ವರ್ಷ ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆಯಲ್ಲೂ, ಇತ್ತ ನಮ್ಮ ಬಡಾವಣೆಗಳ ಅಂಗಡಿಗಳಲ್ಲೂ ಸಿಗ್ತವೆ. ಕೀಬೋರ್ಡ್, ಬಾಡಿ ಗಟ್ಟಿ. ಸ್ವಲ್ಪ ಭಾರ ಅಷ್ಟೆ. ಹೊಸ ಅಗ್ಗದ ಲ್ಯಾಪ್‌ಟಾಪ್‌ನ ಬೆಲೆಗೇ 8 ಜಿಬಿ ರ್ಯಾಮ್, ಎಸ್‌ಎಸ್‌ಡಿ ಇರೋದು ಸಿಗುವ ಸಾಧ್ಯತೆ ಇದೆ.

ಇಲ್ಲಿ ನೋಡಬೇಕಾದ್ದು ಪ್ರೊಸೆಸರ್ ನಂಬರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನದ್ದು, ಜೊತೆಗೆ ಟಿಪಿಎಂ 2.0 ಬೇಕು. 'ಐ5' ಅಂತ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಸಾಲದು. ಐ5-8250ಯು ಅಂದ್ರೆ 8ನೇ ತಲೆಮಾರು, ನಡೆಯುತ್ತೆ. ಐ5-6300ಯು ಅಂದ್ರೆ 6ನೇದು, ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರೋದೂ ಉಂಟು. ಅಂಥ ಮಷೀನ್‌ಗೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಕ್ರೋಮ್‌ಬುಕ್ ಆದ್ರೆ ಅಪ್‌ಡೇಟ್ ನಿಲ್ಲೋ ದಿನಾಂಕ ಸೆಟ್ಟಿಂಗ್ಸ್‌ನಲ್ಲೇ ಇರುತ್ತೆ. ಆ ಲೆಕ್ಕ ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ಕಾಲದಿಂದ. ಹಳೇ ಸ್ಟಾಕ್ ಆಫರ್‌ನಲ್ಲಿ ಸಿಕ್ಕಿತು ಅಂತ ಹಿಗ್ಗೋ ಮುಂಚೆ ಆ ದಿನಾಂಕ ನೋಡಿ.

ಅಂಗಡಿಯಲ್ಲೇ ಹದಿನೈದು ನಿಮಿಷ

ಆನ್ ಮಾಡಿಸಿ, ಕೂತ್ಕೊಂಡು ನೋಡಿ. ಸಂಕೋಚ ಬೇಡ, ದುಡ್ಡು ನಿಮ್ಮದು.

1. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್ ಭಾಗದಲ್ಲಿ ಪ್ರೊಸೆಸರ್ ಹೆಸರು, ರ್ಯಾಮ್ ಎಷ್ಟು, ಡಿಸ್ಕ್ ಯಾವುದು ಎಲ್ಲ ಕಾಣುತ್ತೆ. ಬಾಯಿಮಾತಿಗಿಂತ ಇದು ನಂಬಿಕೆ.

2. ಬ್ರೌಸರ್‌ನಲ್ಲಿ ಎಂಟು-ಹತ್ತು ಟ್ಯಾಬ್ ತೆರೆದು, ಒಂದರಲ್ಲಿ ವಿಡಿಯೋ ಹಾಕಿ, ಇನ್ನೊಂದರಲ್ಲಿ ಟೈಪ್ ಮಾಡಿ. ಅಕ್ಷರ ತಡವಾಗಿ ಬಂದ್ರೆ ಬಿಟ್ಟುಬಿಡಿ. ಹೊಸದರಲ್ಲೇ ಹೀಗಾದ್ರೆ ಎರಡು ವರ್ಷದ ಮೇಲೆ ಇನ್ನೇನು?

3. ಕನ್ನಡ ಕೀಬೋರ್ಡ್ ಸೇರಿಸಿ ನಾಲ್ಕು ಸಾಲು ಟೈಪ್ ಮಾಡಿ. ಒತ್ತಕ್ಷರ ಸರಿಯಾಗಿ ಬರುತ್ತಾ, ಚಿಕ್ಕ ಪರದೆಯಲ್ಲಿ ಓದೋಕಾಗುತ್ತಾ ನೋಡಿ. ಪರದೆ 1920x1080 ಇದ್ರೆ ಒತ್ತಕ್ಷರ ಸ್ಪಷ್ಟ. 1366x768 ಆದ್ರೆ ಕಣ್ಣಿಗೆ ಕಷ್ಟ.

4. ಪರದೆಯನ್ನು ಪಕ್ಕದಿಂದ, ಮೇಲಿಂದ ನೋಡಿ. ಬಣ್ಣ ತಿರುಗಿದ್ರೆ ಅದು ಅಗ್ಗದ ಪ್ಯಾನೆಲ್.

5. ಸೆಕೆಂಡ್ ಹ್ಯಾಂಡ್ ಆದ್ರೆ ಬ್ಯಾಟರಿ ರಿಪೋರ್ಟ್ ತೆಗೆಸಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಬ್ಯಾಟರಿ ರಿಪೋರ್ಟ್ ಕಮಾಂಡ್ ಹಾಕೋದು ಯಾವ ಟೆಕ್ನಿಷಿಯನ್‌ಗಾದ್ರೂ ಗೊತ್ತಿರುತ್ತೆ. ಅದರಲ್ಲಿ ಹೊಸದರಲ್ಲಿದ್ದ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಬರುತ್ತೆ. ಮೊದಲು 42,000, ಈಗ 25,000 ಅಂತಿದ್ರೆ ಬ್ಯಾಟರಿ ಶೇ 60ಕ್ಕೆ ಇಳಿದಿದೆ ಅಂತ ಅರ್ಥ. ಹೊಸ ಬ್ಯಾಟರಿ ಖರ್ಚನ್ನು ಬೆಲೆಯಲ್ಲಿ ಕಳೀರಿ.

ಬಿಲ್, ವಾರಂಟಿ, ಸಾಫ್ಟ್‌ವೇರ್

ಕಡಿಮೆ ಬೆಲೆಗೆ 'ಡಾಸ್ ಲ್ಯಾಪ್‌ಟಾಪ್' ಕೊಡ್ತೀವಿ ಅಂದ್ರೆ ಅದರಲ್ಲಿ ವಿಂಡೋಸ್ ಲೈಸೆನ್ಸ್ ಇಲ್ಲ ಅಂತ. 'ನಾವೇ ಹಾಕ್ಕೊಡ್ತೀವಿ' ಅನ್ನೋದು ಬಹುತೇಕ ಪೈರೇಟೆಡ್. ಎಂಎಸ್ ಆಫೀಸ್ ಇದೆ ಅಂದ್ರೆ ಶಾಶ್ವತವೋ, ಒಂದು ತಿಂಗಳ ಟ್ರಯಲ್ಲೋ ಕೇಳಿ. ಲಿಬ್ರೆ ಆಫೀಸ್ ಪೂರ್ತಿ ಉಚಿತ. ಟ್ಯಾಲಿಯಲ್ಲೂ ಕಲಿಯೋರಿಗೆ ಎಜುಕೇಷನಲ್ ಮೋಡ್ ಉಚಿತವಾಗಿ ಇದೆ. ವಿಂಡೋಸ್ 'ಎಸ್ ಮೋಡ್'ನಲ್ಲಿ ಬಂದಿದ್ರೆ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಮಾತ್ರ ಹಾಕೋಕಾಗುತ್ತೆ. ಅದರಿಂದ ಹೊರಬರೋಕೆ ದುಡ್ಡು ಕೊಡಬೇಕಾಗಿಲ್ಲ, ಆದ್ರೆ ಒಮ್ಮೆ ಹೊರಬಂದ್ರೆ ವಾಪಸ್ ಹೋಗೋಕಾಗಲ್ಲ.

ಜಿಎಸ್‌ಟಿ ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀವಿ ಅನ್ನೋ ಮಾತಿಗೆ ಒಪ್ಪಬೇಡಿ. ಲ್ಯಾಪ್‌ಟಾಪ್ ಮೇಲೆ ಶೇ 18 ಜಿಎಸ್‌ಟಿ ಇದೆ, ಉಳಿತಾಯ ದೊಡ್ಡದಾಗೇ ಕಾಣುತ್ತೆ. ಆದ್ರೆ ಬಿಲ್ ಇಲ್ಲದೆ ವಾರಂಟಿ ಕೇಳೋದು ಕಷ್ಟ, ದೂರು ಕೊಡೋದೂ ಕಷ್ಟ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿ. ಸೆಕೆಂಡ್ ಹ್ಯಾಂಡ್‌ಗೂ ಎಷ್ಟು ತಿಂಗಳ ವಾರಂಟಿ ಅಂತ ಬಿಲ್ ಮೇಲೇ ಬರೆಸಿಕೊಳ್ಳಿ. ತಕರಾರು ಬಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಗೆ ಯಾವುದು?

ಬ್ರೌಸರ್ ಕೆಲಸ ಮಾತ್ರ, ದಿನಾ ಹೊತ್ಕೊಂಡು ಓಡಾಡಬೇಕು ಅಂದ್ರೆ ಅಪ್‌ಡೇಟ್ ದಿನಾಂಕ ದೂರ ಇರೋ ಕ್ರೋಮ್‌ಬುಕ್. ಟ್ಯಾಲಿ, ನುಡಿ ಬೇಕು, ಬಜೆಟ್ ಬಿಗಿ ಅಂದ್ರೆ 8ನೇ ತಲೆಮಾರು ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಇರೋ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್. ಇನ್ನೂ ಸ್ವಲ್ಪ ದುಡ್ಡು ಕೂಡಿಸೋಕಾದ್ರೆ 8 ಜಿಬಿ, 256 ಜಿಬಿ ಎಸ್‌ಎಸ್‌ಡಿ ಇರೋ ಹೊಸದು. 4 ಜಿಬಿ, 64 ಜಿಬಿ ಇಎಂಎಂಸಿ ಇರೋ ವಿಂಡೋಸ್ ಲ್ಯಾಪ್‌ಟಾಪ್ ಮಾತ್ರ ಎಷ್ಟೇ ಹಗುರ ಇರಲಿ, ಎಷ್ಟೇ ಆಫರ್ ಇರಲಿ, ಬೇಡ. ಅದಕ್ಕೆ ಹಾಕೋ ದುಡ್ಡಿಗೆ ಎರಡು-ಮೂರು ತಿಂಗಳು ಕಾದು ಇನ್ನಷ್ಟು ಸೇರಿಸಿದ್ರೆ ಮೂರು ವರ್ಷ ಬಾಳೋದು ಮನೆಗೆ ಬರುತ್ತೆ.