ರಂಗಭೂಮಿ ಬೇಡವೆಂದದ್ದನ್ನು ಟಿ.ವಿ. ಎತ್ತಿಕೊಂಡಿತು

ಕೊಲೆ ಮಾಡಿಸುವವನು ಯಾರು, ಏಕೆ, ಹೇಗೆ ಎಂಬುದನ್ನೆಲ್ಲ ಮೊದಲ ಅಂಕದಲ್ಲೇ ಬಾಯಿಬಿಟ್ಟುಬಿಡುವ ನಾಟಕವನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ? ‘ಡಯಲ್ ಎಂ ಫಾರ್ ಮರ್ಡರ್’ ಹಸ್ತಪ್ರತಿಯನ್ನು ಲಂಡನ್ನಿನ ರಂಗ ನಿರ್ಮಾಪಕರು ಒಬ್ಬರಾದ ಮೇಲೊಬ್ಬರು ವಾಪಸು ಕಳಿಸಿದ್ದಕ್ಕೆ ಇದೇ ಕಾರಣವಿದ್ದರೂ ಆಶ್ಚರ್ಯವಿಲ್ಲ. ಪತ್ತೇದಾರಿ ನಾಟಕವೆಂದರೆ ಕೊನೆಯ ಐದು ನಿಮಿಷದವರೆಗೂ ಕೊಲೆಗಾರನನ್ನು ಬಚ್ಚಿಡಬೇಕು ಎಂದು ನಂಬಿದ್ದ ಕಾಲ ಅದು.

ಬರೆದವರು ಫ್ರೆಡರಿಕ್ ನಾಟ್. ಹುಟ್ಟಿದ್ದು 1916ರಲ್ಲಿ, ಚೀನಾದ ಹ್ಯಾಂಕೌನಲ್ಲಿ, ಓದಿದ್ದು ಕೇಂಬ್ರಿಡ್ಜಿನಲ್ಲಿ. ಟೆನಿಸ್ ಚೆನ್ನಾಗಿ ಆಡುತ್ತಿದ್ದರು. ತಂದೆತಾಯಿಯ ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಒಂದೂವರೆ ವರ್ಷ ಇದೊಂದೇ ನಾಟಕ ಬರೆದರಂತೆ. ತಾಯಿ ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದರಂತೆ. ಕಥೆಯ ಖಳನಾಯಕ ಟೋನಿ ವೆಂಡಿಸ್ ಕೂಡ ಮಾಜಿ ಟೆನಿಸ್ ಆಟಗಾರ. ಹಣವಂತ ಹೆಂಡತಿಗೆ ಇನ್ನೊಬ್ಬನ ಮೇಲೆ ಮನಸ್ಸಿದೆಯೆಂದು ಗೊತ್ತಾದಾಗ, ಹಳೆಯ ಸಹಪಾಠಿಯೊಬ್ಬನ ಗುಟ್ಟುಗಳನ್ನು ಕೆದಕಿ, ಹೆದರಿಸಿ, ಕೊಲೆಗೆ ಒಪ್ಪಿಸುತ್ತಾನೆ. ತಾನು ಹೊರಗೆ ಊಟದ ಕೂಟದಲ್ಲಿ ಕೂತು ಮನೆಗೆ ಫೋನ್ ಮಾಡಬೇಕು, ಅವಳು ಎದ್ದು ಬಂದು ಫೋನ್ ಎತ್ತಬೇಕು, ಪರದೆಯ ಹಿಂದಿನವನು ಕೆಲಸ ಮುಗಿಸಬೇಕು. ಆಗುವುದೇ ಬೇರೆ. ಕೈಗೆ ಸಿಕ್ಕ ಕತ್ತರಿಯಿಂದ ಅವಳೇ ಅವನನ್ನು ಇರಿದುಬಿಡುತ್ತಾಳೆ. ಫೋನಿನ ಆ ತುದಿಯಲ್ಲಿ ಗಂಡ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ!

ಬಿಬಿಸಿ ಇದನ್ನು ಪ್ರಸಾರ ಮಾಡಿದ್ದು 1952ರ ಮಾರ್ಚ್ 23ರ ಭಾನುವಾರ. ಬ್ರಿಟನ್ನಿನಲ್ಲಿ ಆಗ ಇದ್ದದ್ದು ಅದೊಂದೇ ಚಾನೆಲ್, ಟಿ.ವಿ. ಲೈಸೆನ್ಸು ಪಡೆದ ಮನೆಗಳು ಸುಮಾರು 14 ಲಕ್ಷ. ನಿರ್ದೇಶನ ಜೂಲಿಯನ್ ಅಮ್ಯೆಸ್ ಅವರದು, ಗಂಡನ ಪಾತ್ರ ಎಮ್ರಿಸ್ ಜೋನ್ಸ್ ಅವರದು. ನಾಟಕಗಳು ಸ್ಟುಡಿಯೋದಿಂದ ನೇರ ಪ್ರಸಾರವಾಗುತ್ತಿದ್ದವು: ಮಾತು ತಪ್ಪಿದರೆ ತಪ್ಪಿದ್ದೇ. ಮರುಪ್ರಸಾರ ಎಂದರೆ ಅದೇ ಕಲಾವಿದರು ಇನ್ನೊಂದು ದಿನ ಬಂದು ಮತ್ತೆ ಆಡಬೇಕಿತ್ತು. ಚಿತ್ರೀಕರಿಸಿ ಇಡುವುದು ದುಬಾರಿ; ಕಲಾವಿದರ ಸಂಘಕ್ಕೂ ಅದು ಇಷ್ಟವಿರಲಿಲ್ಲ. ಹೀಗಾಗಿ ಆ ವರ್ಷಗಳ ಟಿ.ವಿ. ನಾಟಕಗಳು ಬಹುಪಾಲು ಉಳಿದಿಲ್ಲ. ಇದೂ ಉಳಿದಿಲ್ಲ.

ರಂಗಭೂಮಿಯವರು ಒಲ್ಲೆನೆಂದದ್ದು ಟಿ.ವಿ.ಗೆ ಹೇಳಿ ಮಾಡಿಸಿದಂತಿತ್ತು. ಒಂದೇ ಕೋಣೆ, ಬೆರಳೆಣಿಕೆಯ ಪಾತ್ರಗಳು, ಹೊರಾಂಗಣದ ಗೋಜಿಲ್ಲ. ಕಥೆ ತಿರುಗುವುದೆಲ್ಲ ಪುಟ್ಟ ವಸ್ತುಗಳ ಸುತ್ತ: ಮೆಟ್ಟಿಲ ಮೇಲಿನ ಜಮಖಾನೆಯ ಕೆಳಗಿನ ಬೀಗದ ಕೈ, ಒಂದು ಫೋನು, ಒಂದು ಕೈಚೀಲ. ರಂಗಮಂದಿರದ ಹಿಂದಿನ ಸಾಲಿನವರಿಗೆ ಬೀಗದ ಕೈ ಎಲ್ಲಿ ಕಾಣಬೇಕು? ಕ್ಯಾಮೆರಾ ಅದನ್ನು ಮೂಗಿನ ಮುಂದೆ ತಂದು ಹಿಡಿಯಬಲ್ಲದು. ಕುಶಲೋಪರಿಯಂತೆ ಶುರುವಾಗುವ ಟೋನಿಯ ಮಾತು ಮೆಲ್ಲಗೆ ಬ್ಲ್ಯಾಕ್‌ಮೇಲ್ ಆಗುವ ದೀರ್ಘ ದೃಶ್ಯದಲ್ಲಂತೂ ಕೇಳುವವನ ಮುಖವೇ ಮುಖ್ಯ. ಇನ್ನೊಂದು ತಮಾಷೆಯೆಂದರೆ, ಹೆಂಡತಿ ಮೆಚ್ಚಿದ ಮ್ಯಾಕ್ಸ್ ಟಿ.ವಿ.ಗೆ ಕೊಲೆಯ ಕಥೆ ಬರೆಯುವವನು. ಕೊಲೆ ಹೀಗೆ ನಡೆದಿರಬಹುದು ಎಂದು ಅವನು ಕಟ್ಟುವ ಕಥೆ ನಿಜಕ್ಕೆ ಗಾಬರಿಯಾಗುವಷ್ಟು ಹತ್ತಿರ ಬರುತ್ತದೆ. ತನ್ನನ್ನು ತಿರಸ್ಕರಿಸಿದವರಿಗೆ ನಾಟ್ ಇಟ್ಟ ಚಿವುಟು ಇದಲ್ಲ, ಮೊದಲೇ ಬರೆದದ್ದು. ಆದರೂ ಈಗ ಓದಿದರೆ ಹಾಗೆ ಅನ್ನಿಸದಿರದು.

ಪ್ರಸಾರಕ್ಕೆ ಒಳ್ಳೆಯ ವಿಮರ್ಶೆ ಬಂತು. ಮನೆಯಲ್ಲೇ ನಾಟಕ ನೋಡಿದ ಜನ ಥಿಯೇಟರಿಗೆ ಬರುವುದಿಲ್ಲವೆಂದು ಟಿ.ವಿ.ಯನ್ನು ಕಂಡರೆ ನಿರ್ಮಾಪಕರಿಗೆ ಅಂಜಿಕೆಯಿದ್ದ ದಿನಗಳಲ್ಲಿ ಇಲ್ಲಿ ಗಾಳಿ ತಿರುವುಮುರುವಾಗಿ ಬೀಸಿತು. ಮೂರು ತಿಂಗಳೂ ತುಂಬುವ ಮುನ್ನ, ಜೂನ್ 19ರಂದು, ನಾಟಕ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಥಿಯೇಟರಿನಲ್ಲಿ ತೆರೆಕಂಡಿತು. ಅಕ್ಟೋಬರ್ ಕೊನೆಯಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಸೇರಿ 552 ಪ್ರದರ್ಶನ ಕಂಡಿತು. ಅಲ್ಲಿ ಇನ್‌ಸ್ಪೆಕ್ಟರ್ ಹಬಾರ್ಡ್ ಆಗಿದ್ದ ಜಾನ್ ವಿಲಿಯಮ್ಸ್‌ಗೆ ಟೋನಿ ಪ್ರಶಸ್ತಿಯೂ ಬಂತು. ಅಷ್ಟರೊಳಗೆ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಸಿನಿಮಾ ಹಕ್ಕನ್ನು ಕೇವಲ 1,000 ಪೌಂಡಿಗೆ ಕೊಂಡು, ಆಮೇಲೆ ವಾರ್ನರ್ ಬ್ರದರ್ಸ್‌ಗೆ ಹಲವು ಪಟ್ಟು ಬೆಲೆಗೆ ಮಾರಿದ್ದರು. ಆ ಲಾಭ ನಾಟ್ ಅವರ ಪಾಲಿಗೆ ಬರಲಿಲ್ಲ.

1954ರ ಸಿನಿಮಾ ಆಲ್‌ಫ್ರೆಡ್ ಹಿಚ್‌ಕಾಕ್ ಅವರದು; ರೇ ಮಿಲಂಡ್, ಗ್ರೇಸ್ ಕೆಲ್ಲಿ ಗಂಡ ಹೆಂಡತಿ. ಆಗಿನ ಹುಚ್ಚಿನಂತೆ 3-ಡಿಯಲ್ಲಿ ತೆಗೆದರು. ದೈತ್ಯ ಕ್ಯಾಮೆರಾ ಹತ್ತಿರದ ಬೆರಳನ್ನು ಹಿಡಿಯದಾದಾಗ, ಫೋನ್ ತಿರುಗಿಸುವ ದೃಶ್ಯಕ್ಕೆ ದೊಡ್ಡದೊಂದು ಡಯಲನ್ನೂ ಮರದ ಬೆರಳನ್ನೂ ಮಾಡಿಸಬೇಕಾಯಿತು. ಆದರೆ ಕೋಣೆ ಬಿಟ್ಟು ಹೊರಗೆ ಹೋಗುವ ಆಸೆಗೆ ಅವರು ಬೀಳಲಿಲ್ಲ. ‘ರಂಗನಾಟಕಕ್ಕೆ ಕ್ಯಾಮೆರಾ ಇಟ್ಟಂತಿದೆ’ ಎಂಬ ದೂರಿಗೆ ಸಿಕ್ಕಿಕೊಂಡ ಚಿತ್ರವಿದು. ಸುರಕ್ಷಿತ ದಾರಿ ಹಿಡಿದೆ ಎಂಬ ಅರ್ಥದಲ್ಲಿ ಹಿಚ್‌ಕಾಕ್ ಕೂಡ ಫ್ರೆಂಚ್ ನಿರ್ದೇಶಕ ತ್ರುಫೋ ಜತೆಗಿನ ಸಂದರ್ಶನದಲ್ಲಿ ಇದನ್ನು ಹಗುರಾಗಿಯೇ ಕಂಡರು. ಪಾತ್ರಗಳಿಗೆ ಆಳವಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ; ಹೆಂಡತಿಯ ಮನಸ್ಸು ನಾಟ್‌ಗೆ ಅಷ್ಟಾಗಿ ಬೇಕಿರಲಿಲ್ಲ, ಬೀಗದ ಕೈ ಬೇಕಿತ್ತು. ಆದರೆ ಹೊರಗಿನ ದೃಶ್ಯ ಸೇರಿಸಿದ್ದರೆ ಆ ಬಿಗಿ ಸಡಿಲಾಗುತ್ತಿತ್ತು.

1958ರಲ್ಲಿ ಅಮೆರಿಕದ ಟಿ.ವಿ. ಬ್ರಾಡ್‌ವೇಯ ಮಾರಿಸ್ ಇವಾನ್ಸ್ ಮತ್ತು ಜಾನ್ ವಿಲಿಯಮ್ಸ್ ಅವರನ್ನೇ ಇಟ್ಟುಕೊಂಡು ನಾಟಕವನ್ನು ಮತ್ತೆ ಆಡಿಸಿತು. 1985ರಲ್ಲಿ ಮುಕುಲ್ ಆನಂದ್ ‘ಐತ್ಬಾರ್’ ಎಂದು ಹಿಂದಿಗೆ ತಂದರು, ರಾಜ್ ಬಬ್ಬರ್ ಗಂಡ, ಡಿಂಪಲ್ ಕಪಾಡಿಯಾ ಹೆಂಡತಿ. ನಾಟ್ ಮಾತ್ರ ಬರವಣಿಗೆಗೆ ಆತುರಪಡಲಿಲ್ಲ. ಆಮೇಲೆ ಅವರಿಂದ ಬಂದ ನಾಟಕಗಳು ಕೆಲವೇ. ಹೆಸರಾದವು ಎರಡು: 1961ರ ‘ರೈಟ್ ಮಿ ಎ ಮರ್ಡರ್’, 1966ರ ‘ವೇಟ್ ಅಂಟಿಲ್ ಡಾರ್ಕ್’. ಎರಡನೆಯದರಲ್ಲಿ ಕಣ್ಣು ಕಾಣದ ಹೆಂಗಸೊಬ್ಬಳು ತನ್ನ ಮನೆಗೆ ನುಗ್ಗಿದ ದುಷ್ಟರನ್ನು ಎದುರಿಸುತ್ತಾಳೆ. ಅದೂ ಒಂದೇ ಮನೆಯೊಳಗಿನ ಕಥೆ.