ಬೆವರಿನಲ್ಲಿ ಹೋಗುವ ಉಪ್ಪು

ಮುತ್ತಿಟ್ಟಾಗ ಹಣೆ ಉಪ್ಪೆನಿಸಿದರೆ ಆ ಮಗು ಬಹುಕಾಲ ಬದುಕಲಾರದೆಂಬ ನಂಬಿಕೆ ಹಿಂದೆ ಯೂರೋಪಿನಲ್ಲಿ ಇದ್ದಿತು. ಜನರು ಕಂಡುದು ನಿಜ; ಕಾರಣವನ್ನು ಮಾತ್ರ ಮಾಟಮಂತ್ರಗಳಲ್ಲಿ ಹುಡುಕಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಈ ರೋಗವನ್ನು 1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊತಿ ಆಂಡರ್ಸನ್ ಸ್ಪಷ್ಟವಾಗಿ ವಿವರಿಸಿದರು.

ಇದು ಅಂಟುರೋಗವಲ್ಲ. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನು ಬಂದಾಗ ಮಾತ್ರ ಮಗುವಿಗೆ ಪ್ರಾಪ್ತವಾಗುತ್ತದೆ. ಏಳನೆಯ ವರ್ಣತಂತುವಿನಲ್ಲಿರುವ ಆ ಜೀನನ್ನು 1989ರಲ್ಲಿ ಗುರುತಿಸಲಾಯಿತು. ಜೀವಕೋಶದ ಪೊರೆಯಲ್ಲಿ ಕ್ಲೋರೈಡು ಹಾಯುವ ಬಾಗಿಲೊಂದು ಅದರಿಂದ ನಿರ್ಮಿತವಾಗುತ್ತದೆ. ಬಾಗಿಲು ಕೆಟ್ಟರೆ ಶ್ವಾಸಕೋಶದಲ್ಲಿಯೂ ಕರುಳಿನಲ್ಲಿಯೂ ಲೋಳೆ ಗಟ್ಟಿಯಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿ, ಕೊಬ್ಬನ್ನು ಅರಗಿಸುವ ರಸ ಕರುಳನ್ನು ಸೇರದು.

ಆದರೆ ಮೂಲವು ಜೀನಿನಲ್ಲಿದೆಯೆಂದ ಮಾತ್ರಕ್ಕೆ ರೋಗಿಯ ಕಷ್ಟವೆಲ್ಲ ಹುಟ್ಟಿನಲ್ಲಿಯೇ ನಿಶ್ಚಿತವಾಯಿತೆಂದು ತಿಳಿಯಬಾರದು. ಕರುಳು ಕಟ್ಟುವ ತೊಡಕನ್ನೇ ನೋಡಿ. ಕೆಲವು ಶಿಶುಗಳಲ್ಲಿ ಹುಟ್ಟುವಾಗಲೇ ಮೊದಲ ಮಲ ಗಟ್ಟಿಯಾಗಿ ಕರುಳು ಮುಚ್ಚಿರುತ್ತದೆ. ಮತ್ತೆ ಕೆಲವರಲ್ಲಿ ಬೆಳೆದ ಮೇಲೆ, ಸಣ್ಣಕರುಳು ದೊಡ್ಡಕರುಳನ್ನು ಕೂಡುವೆಡೆಯಲ್ಲಿ, ಅರಗದ ಆಹಾರವೂ ಲೋಳೆಯೂ ಬೆರೆತು ಬತ್ತುವ ಕಾಲುವೆಯ ಹೂಳಿನಂತೆ ನಿಂತುಬಿಡುತ್ತದೆ. ಅಮೆರಿಕದ ವಿಜ್ಞಾನಿಗಳು ಈ ರೋಗವುಳ್ಳ ಅವಳಿಗಳನ್ನೂ ಒಡಹುಟ್ಟಿದವರನ್ನೂ ಹೋಲಿಸಿ 2006ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಶಿಶುವಿನ ತಡೆಯಲ್ಲಿ ಇತರ ಜೀನುಗಳ ಕೈವಾಡವೂ ಇದೆ. ಮುಂದೆ ಬರುವ ತಡೆಯಾದರೋ ಬಹುಮಟ್ಟಿಗೆ ಜೀನುಗಳ ಹೊರಗಿನ ಸಂಗತಿಗಳನ್ನು ಅವಲಂಬಿಸಿದೆ ಎಂದು ಅವರು ಕಂಡರು.

ಆ ಸಂಗತಿಗಳಲ್ಲಿ ಎದ್ದುಕಾಣುವುದು ಮೈಯ ನೀರು ಆರುವುದು. 1948ರ ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಲಿನ ಝಳ ಮಿತಿಮೀರಿತು. ಸೆಕೆಯಿಂದ ಕುಸಿದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ರೋಗಿಗಳು ಅನೇಕರಿದ್ದರು. ಇದರ ಜಾಡು ಹಿಡಿದ ವೈದ್ಯ ಪಾಲ್ ಡಿ ಸಾಂಟ್ ಆಗ್ನೀಸ್ ಮತ್ತು ಸಂಗಡಿಗರು, ಇಂಥವರ ಬೆವರಿನಲ್ಲಿ ಉಪ್ಪು ಅತಿಯಾಗಿರುವುದೆಂದು 1953ರಲ್ಲಿ ಸಾರಿದರು. ಆರೋಗ್ಯವಂತರ ಬೆವರುಗ್ರಂಥಿಯ ನಾಳವು, ಬೆವರು ಚರ್ಮಕ್ಕೆ ಬರುವ ಮೊದಲೇ ಬಹುಪಾಲು ಉಪ್ಪನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಈ ರೋಗಿಗಳಲ್ಲಿ ಆ ಬಾಗಿಲೇ ಕೆಟ್ಟಿದೆಯಷ್ಟೆ!

ಇಲ್ಲಿ ಇನ್ನೊಂದು ವಿಚಿತ್ರವುಂಟು. ಸಾಮಾನ್ಯವಾಗಿ ಬೆವರಿದಾಗ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿ, ನಮಗೆ ಬಾಯಾರಿಕೆ ಆಗುತ್ತದೆ. ಇವರಲ್ಲಿ ನೀರಿನೊಡನೆ ಉಪ್ಪೂ ಹೋಗುವುದರಿಂದ ಆ ಎಚ್ಚರಿಕೆ ಮಂದವಾಗುತ್ತದೆ. ಬಿಸಿಲಿನಲ್ಲಿ ಆಡುವ ಹುಡುಗ ತನಗೆ ದಾಹವಿಲ್ಲವೆಂದೇ ಹೇಳುತ್ತಾನೆ. ಒಳಗೆ ಮೊದಲೇ ಗಟ್ಟಿಯಾದ ಲೋಳೆ ಮತ್ತಷ್ಟು ಗಟ್ಟಿಯಾಗುತ್ತಿರುತ್ತದೆ. ಆದ್ದರಿಂದ ಬೇಸಗೆಯಲ್ಲಿಯೂ ಜ್ವರ ಬಂದಾಗಲೂ ಇವರಿಗೆ ಕೇಳದಿದ್ದರೂ ನೀರನ್ನೂ, ವೈದ್ಯರು ಹೇಳಿದಷ್ಟು ಉಪ್ಪನ್ನೂ ಕೊಡಬೇಕು. ಊಟದೊಡನೆ ನುಂಗುವ ಕಿಣ್ವದ ಗುಳಿಗೆ ತಪ್ಪಿದರೂ ಅರಗದ ಕೊಬ್ಬು ಕರುಳಿನಲ್ಲಿ ಉಳಿಯುತ್ತದೆ.

ಇದು ಬಿಳಿಯರ ರೋಗವೆಂಬ ಭಾವನೆ ಬಹುಕಾಲವಿದ್ದಿತು. ಭಾರತದ ಮಕ್ಕಳಲ್ಲಿಯೂ ಉಂಟೆಂಬುದು ಈಗ ತಿಳಿದಿದೆ. ರಾಯಚೂರಿನ ಬೇಸಗೆಯಂಥ ಬಿಸಿಲಿನಲ್ಲಿ ಇಂಥ ಮಗುವಿನ ಪಾಡು ಏನೆಂಬುದನ್ನು ಊಹಿಸಬಹುದು.

ಕರುಳು ಕಟ್ಟತೊಡಗಿದಾಗ ಬಲಗಡೆಯ ಕೆಳಹೊಟ್ಟೆಯಲ್ಲಿ ನೋವು ಬರುತ್ತದೆ. ಮುಟ್ಟಿದರೆ ಗಂಟು ಸಿಗುವುದೂ ಉಂಟು. ಅಪೆಂಡಿಕ್ಸಿನ ನೋವೆಂದು ಭ್ರಮಿಸುವ ಸಂಭವವಿದೆ. ಬೇಗನೆ ಗುರುತಿಸಿದರೆ ವೈದ್ಯರು ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿದ ದ್ರಾವಣವನ್ನು ಕುಡಿಸಿ ಕರುಳನ್ನು ತೊಳೆಯುತ್ತಾರೆ. ಬಹುಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.