ಕರಾವಳಿಯ ಸಣ್ಣ ಸಭೆಗಳು: ಕಟ್ಟಿದ್ದು ಹೇಗೆ, ಉಳಿಯುವುದು ಹೇಗೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಕ್ರೈಸ್ತರೆಂದರೆ ಹೆಚ್ಚಿನವರಿಗೆ ನೆನಪಾಗುವುದು ಕೊಂಕಣಿ ಮಾತಾಡುವ ಕಥೋಲಿಕರು, ಚಂದಾವರದ ಇಗರ್ಜಿ, 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ. ಇದೇ ಕರಾವಳಿಗೆ ಇನ್ನೊಂದು ಕ್ರೈಸ್ತ ಪರಂಪರೆಯೂ ಬಂದಿತ್ತು. ಅದರ ಪ್ರಾರ್ಥನೆ, ಹಾಡು, ಪಾಠ ಎಲ್ಲವೂ ಕನ್ನಡದಲ್ಲಿ. ಅದರ ಮೂಲ ಮಾರ್ಟಿನ್ ಲೂಥರನ ಸುಧಾರಣೆಯಲ್ಲಿ. ಕರಾವಳಿಯವರಿಗೆ ಅದು ‘ಬಾಸೆಲ್ ಮಿಶನ್’ ಎಂದೇ ಪರಿಚಿತ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಪಂಥದವರಿದ್ದರು. ಆದರೆ ಇಲ್ಲಿಗೆ ಬಂದ ಪಾದ್ರಿಗಳಲ್ಲಿ ಬಹುಪಾಲು ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಅಲ್ಲಿನ ಲೂಥರನ್ ಸಭೆಯಲ್ಲಿ ಬೆಳೆದವರು. ಹಾಗಾಗಿ ಲೂಥರ್ 1529ರಲ್ಲಿ ಬರೆದ ಸಣ್ಣ ಪ್ರಶ್ನೋತ್ತರ ಪುಸ್ತಕ ಕನ್ನಡಕ್ಕೂ ಬಂತು. ದೃಢೀಕರಣ (ಕನ್ಫರ್ಮೇಶನ್) ಎಂಬ ವಿಧಿಗೆ ತಯಾರಾಗುವ ಮಕ್ಕಳು ಹತ್ತು ಆಜ್ಞೆಗಳನ್ನು ಒಂದೊಂದಾಗಿ ಒಪ್ಪಿಸಬೇಕು, ಪ್ರತಿ ಆಜ್ಞೆಯ ಅರ್ಥವನ್ನೂ ಹೇಳಬೇಕು. ಬಾಯಿಪಾಠದ ಜೊತೆಗೆ ಅರ್ಥವನ್ನೂ ಕೇಳುವ ಈ ಕ್ರಮವೇ ಸಭೆಯ ಮೊದಲ ಶಾಲೆ.

ಸಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರಿನಲ್ಲಿ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1845ರಲ್ಲಿ ಮೂಲ್ಕಿ, ಹೀಗೆ ಕೇಂದ್ರಗಳು ಹರಡಿದವು. ಹೊನ್ನಾವರವೂ 19ನೆಯ ಶತಮಾನದಲ್ಲೇ ಅವರ ಕೇಂದ್ರಗಳ ಪಟ್ಟಿಗೆ ಸೇರಿತು. ಇದೇ ಮಿಶನ್ನಿನ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ (1843), ಕಿಟೆಲ್ ಅವರ ನಿಘಂಟು (1894) ನಮಗೆಲ್ಲ ಗೊತ್ತು. ಅದೇ ಜನ ದಿನನಿತ್ಯ ಮಾಡುತ್ತಿದ್ದ ಮುಖ್ಯ ಕೆಲಸ ಸಭೆ ಕಟ್ಟುವುದು. ಅದರ ಬಗ್ಗೆ ಮಾತ್ರ ನಾವು ಬರೆದದ್ದು ಕಡಿಮೆ.

ಹೊಸ ಊರಿಗೆ ಮೊದಲು ಹೋಗುವವನು ಉಪದೇಶಿ. ಅವನು ದೀಕ್ಷೆ ಪಡೆದ ಪಾದ್ರಿಯಲ್ಲ, ಸಂಬಳ ಅಷ್ಟಕ್ಕಷ್ಟೆ, ಭಾಷೆ ಮಾತ್ರ ನೆಲದ್ದು. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಮಾತಾಡುತ್ತಾನೆ, ಪುಸ್ತಕ ಮಾರುತ್ತಾನೆ, ಜಗಲಿಯ ಮೇಲೆ ನಾಲ್ಕು ಮಕ್ಕಳನ್ನು ಕೂರಿಸಿ ಅಕ್ಷರ ಕಲಿಸುತ್ತಾನೆ. ಆಸಕ್ತಿ ತೋರಿದವರಿಗೆ ತಿಂಗಳುಗಟ್ಟಲೆ ಪಾಠ, ಆಮೇಲೆ ದೀಕ್ಷಾಸ್ನಾನ. ಕೆಲವು ಮನೆಗಳಾದ ಮೇಲೆ ಅವರಲ್ಲೇ ಹಿರಿಯರ ಆಯ್ಕೆ. ಸಭಾಪಾಲಕ ಬರುವುದು ಎಲ್ಲಕ್ಕಿಂತ ಕೊನೆಗೆ. ಊರಿನವರನ್ನೇ ಈ ಕೆಲಸಕ್ಕೆ ತಯಾರು ಮಾಡಲು 1847ರಲ್ಲಿ ಮಂಗಳೂರಿನಲ್ಲಿ ಸೆಮಿನರಿ ಶುರುವಾಯಿತು. ಅದೇ ಇಂದು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಮಿಶನ್ನಿನ ಎಲ್ಲ ಕೆಲಸಗಳ ಪೈಕಿ ಹೆಚ್ಚು ದೂರದೃಷ್ಟಿಯದು ಇದೇ ಎಂದು ನನ್ನ ಅಭಿಪ್ರಾಯ.

ಎಲ್ಲವೂ ಕೈಗೂಡಲಿಲ್ಲ. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ 1841ರ ಸುಮಾರಿಗೆ ಬೇಸಾಯದ ವಸಾಹತು ಹೂಡಿದರು. ಗುಂಪುಗುಂಪಾಗಿ ಜನ ಬರುತ್ತಾರೆಂಬ ನಂಬಿಕೆ ಹುಸಿಯಾಯಿತು. ಕೊಡಗಿನ ಆನಂದಪುರ ಬೇರೆಯೇ ಕಥೆ. ಮೋಗ್ಲಿಂಗ್ ಮತ್ತು ಅವರ ಶಿಷ್ಯ, ಮಂಗಳೂರಿನ ಆನಂದರಾವ್ ಕೌಂಡಿನ್ಯ ಅಲ್ಲಿ ನೊಂದ ಜಾತಿಗಳ ಜನರಿಗೆ ನೆಲೆ ಮಾಡಿಕೊಟ್ಟರು. ಉಳಲು ನೆಲ ಸಿಕ್ಕಿತು, ಸಭೆ ನಿಂತಿತು.

ದಕ್ಷಿಣ ಕನ್ನಡದಲ್ಲಿ ನೆಲದ ಜಾಗಕ್ಕೆ ಕಾರ್ಖಾನೆ ಬಂತು. ದೀಕ್ಷಾಸ್ನಾನ ಪಡೆದವರಲ್ಲಿ ಬಹಳಷ್ಟು ಜನ ಶೇಂದಿ ಇಳಿಸುವ ಕಸುಬಿನವರು. ಆ ಕಸುಬು ಬಿಡಬೇಕೆಂದು ಮಿಶನ್ ಹೇಳಿತು. ಕಸುಬು ಬಿಟ್ಟವರ ಹೊಟ್ಟೆಪಾಡು? ಅದಕ್ಕೆ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ. ಆಮೇಲೆ 1882ರಲ್ಲಿ ಕುದ್ರೋಳಿ, 1886ರಲ್ಲಿ ಮಲ್ಪೆ. ಬೆಳಿಗ್ಗೆ ಕಾರ್ಖಾನೆ, ಸಂಜೆ ಪ್ರಾರ್ಥನೆ, ಮಕ್ಕಳಿಗೆ ಮಿಶನ್ ಶಾಲೆ. ಜೆಪ್ಪು, ಉಡುಪಿ, ಮಲ್ಪೆಗಳಲ್ಲಿ ಸಭೆ ಬೇರು ಬಿಟ್ಟಿದ್ದು ಹೀಗೆ.

ಮಿಶನ್ನಿನ ಹಂಚಿನ ಕಾರ್ಖಾನೆಗಳ ಸಾಲು ಮಲ್ಪೆಗೇ ನಿಂತಿತು. ಭಟ್ಕಳಕ್ಕಾಗಲಿ ಹೊನ್ನಾವರಕ್ಕಾಗಲಿ ಬರಲಿಲ್ಲ. ಇಲ್ಲಿ ಇದ್ದದ್ದು ಬಂದರಿನ ವ್ಯಾಪಾರ: ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಬೊಂಬಾಯಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ರೈಲು ಬಂದ ಮೇಲೆ ಆ ವ್ಯಾಪಾರವೂ ಇಳಿಯಿತು. ದುಡಿಮೆ ಇಲ್ಲದ ಕಡೆ ಹೊಸದಾಗಿ ಸೇರಿದ ಮನೆ ಎಷ್ಟು ದಿನ ನಿಂತೀತು? ಉತ್ತರ ಕನ್ನಡದ ಕರಾವಳಿಯಲ್ಲಿ ಈ ಪರಂಪರೆ ತೆಳುವಾಗಿಯೇ ಉಳಿದಿದ್ದಕ್ಕೆ ದೊಡ್ಡ ಕಾರಣ ಇದೆಂದು ನಾನು ನಂಬುತ್ತೇನೆ.

ಇನ್ನೊಂದು ಕಾರಣ ಗಡಿ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತಕ್ಕೆ ಹೋಯಿತು, ಕುಂದಾಪುರ ಮದರಾಸಿನಲ್ಲೇ ಉಳಿಯಿತು. ಸಭೆಗಳ ಆಡಳಿತವೂ ಕಾಲಕ್ರಮದಲ್ಲಿ ಅದೇ ಗೆರೆ ಹಿಡಿಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ದಕ್ಷಿಣ ಕನ್ನಡದವರು ಸೇರಿದರು. ಮುಂಬೈ ಕರ್ನಾಟಕದ ಬಾಸೆಲ್ ಸಭೆಗಳು ಸೇರಿದ್ದು 1968ರಲ್ಲಿ. ಇಂದು ಉತ್ತರ ಕನ್ನಡ ಧಾರವಾಡದ ಉತ್ತರ ಸಭಾಪ್ರಾಂತಕ್ಕೆ, ಕುಂದಾಪುರ ಮಂಗಳೂರಿನ ದಕ್ಷಿಣ ಸಭಾಪ್ರಾಂತಕ್ಕೆ. ಭಟ್ಕಳದಿಂದ ಕುಂದಾಪುರಕ್ಕೆ ಸುಮಾರು 45 ಕಿ.ಮೀ. ಧಾರವಾಡಕ್ಕೆ ಘಟ್ಟ ಹತ್ತಿ ಹೋದರೆ 200 ಕಿ.ಮೀ.ಗೂ ಹೆಚ್ಚು. ಮಳೆಗಾಲದಲ್ಲಿ ಸಾವೋ ಕಾಯಿಲೆಯೋ ಆದ ಮನೆಗೆ ಪಾದ್ರಿ ಬರಬೇಕೆಂದರೆ ಈ ದೂರ ಸಣ್ಣದಲ್ಲ.

ಸೊರಗಿದ ಸಭೆ ಮತ್ತೆ ಚೇತರಿಸಿದ ಉದಾಹರಣೆಯೂ ನಮ್ಮಲ್ಲಿದೆ. 1914ರ ಯುದ್ಧ ಶುರುವಾದಾಗ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹಿಡಿದಿಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹಣ, ಆಡಳಿತ, ಉದ್ಯೋಗ ಮೂರೂ ಹೊರಗಿನವರ ಕೈಯಲ್ಲಿದ್ದ ಸಭೆಗಳು ಅಂದೇ ಮುಚ್ಚಿಹೋಗಬೇಕಿತ್ತು. ಮುಚ್ಚಲಿಲ್ಲ. ಸೆಮಿನರಿಯಲ್ಲಿ ಓದಿದ ಊರಿನ ಸಭಾಪಾಲಕರು, ಉಪದೇಶಿಗಳು, ಹಿರಿಯರು ಅವನ್ನು ಹಿಡಿದು ನಿಲ್ಲಿಸಿದರು. ಅಲ್ಲಿಯವರೆಗೆ ಮಿಶನ್ನಿನ ಆಶ್ರಯದಲ್ಲಿದ್ದ ಸಭೆ ತನ್ನ ಖರ್ಚು ತಾನೇ ನೋಡಿಕೊಳ್ಳಲು ಕಲಿತದ್ದು ಆ ಕಷ್ಟದಲ್ಲಿ.

ಆ ಕಲಿಕೆಯನ್ನು ಕಣ್ಣಾರೆ ನೋಡಬೇಕೆಂದರೆ ಕರಾವಳಿಯ ಯಾವುದಾದರೂ ಸಿ.ಎಸ್.ಐ. ಸಭೆಯ ಬೆಳೆ ಹಬ್ಬಕ್ಕೆ ಹೋಗಬೇಕು. ಆರಾಧನೆಯಲ್ಲಿ ಜರ್ಮನ್ ರಾಗದ ಕನ್ನಡ ಸಂಗೀತಗಳು. ಮುಗಿದ ಮೇಲೆ ಅಂಗಳದಲ್ಲಿ ಏಲಂ. ಮನೆಯವರು ತಂದ ಬಾಳೆಗೊನೆ, ತೆಂಗಿನಕಾಯಿ, ಸೌತೆ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿ ಎಲ್ಲವೂ ಸವಾಲಿಗೆ. ಒಂದು ಕುಂಬಳಕಾಯಿಯನ್ನು ಒಬ್ಬರು ಕೊಂಡು ಮತ್ತೆ ಸಭೆಗೇ ಕೊಡುತ್ತಾರೆ, ಅದು ಮತ್ತೊಮ್ಮೆ ಏಲಂ ಆಗುತ್ತದೆ. ಅಜ್ಜಿಯಂದಿರೂ ಬಿಡದೆ ಕೂಗುತ್ತಾರೆ. ಆ ಹಣ ಸಭೆಯ ಖರ್ಚಿಗೆ ಹೋಗುತ್ತದೆ. ಕೆಲವೇ ಮನೆಗಳಿರುವ ಸಭೆಯೂ ಆ ದಿನ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ.

ಈಗ ಉತ್ತರ ಕನ್ನಡದ ಕರಾವಳಿಗೆ ಹೊಸ ಜನ ಬರುತ್ತಿದ್ದಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಕೈಗಾದಲ್ಲಿ ಅಣುಸ್ಥಾವರ, ಕಾರವಾರದ ಹತ್ತಿರ ನೌಕಾನೆಲೆ. ಗುಂಟೂರು ಕಡೆಯ ಲೂಥರನ್ ಮನೆಯವರೋ ಧಾರವಾಡದ ಬಾಸೆಲ್ ಮನೆಯವರೋ ಇಲ್ಲಿಗೆ ವರ್ಗವಾದರೆ ಭಾನುವಾರ ಎಲ್ಲಿಗೆ ಹೋಗಬೇಕು? ಇನ್ನೊಂದು ಕಡೆ ಹಳೆಯ ಮನೆಗಳ ಮಕ್ಕಳು ಬೆಂಗಳೂರು, ಮುಂಬೈ, ಕೊಲ್ಲಿಯ ದಾರಿ ಹಿಡಿಯುತ್ತಾರೆ. ಬಂದವರನ್ನೂ ಉಳಿದವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಲು ದೊಡ್ಡ ಕಟ್ಟಡ ಬೇಡ. ಊರಲ್ಲೇ ವಾಸವಿರುವ ಒಬ್ಬ ಸಭಾಪಾಲಕ, ಮಕ್ಕಳಿಗೆ ಭಾನುವಾರದ ಶಾಲೆ, ಮನೆಮನೆಯ ಪ್ರಾರ್ಥನಾಕೂಟ ಇದ್ದರೆ ಸಾಕು. ಕುಂದಾಪುರದಿಂದ ಕಾರವಾರದವರೆಗಿನ ಸಣ್ಣ ಸಭೆಗಳ ಆರೈಕೆಯನ್ನು ಧಾರವಾಡ, ಮಂಗಳೂರಿನವರು ಗಡಿ ಮರೆತು ಒಟ್ಟಾಗಿ ನೋಡಿಕೊಂಡರೆ ಇದು ಆಗದ ಮಾತಲ್ಲ.

ಓದುಗರಲ್ಲೂ ಒಂದು ವಿನಂತಿ. ಹೊನ್ನಾವರ, ಕುಮಟಾ, ಭಟ್ಕಳ ಕಡೆಯ ನಿಮ್ಮ ಮನೆಗಳಲ್ಲಿ ಹಳೆಯ ದೀಕ್ಷಾಸ್ನಾನದ ಪತ್ರ, ಸಂಗೀತದ ಪುಸ್ತಕ, ಉಪದೇಶಿಯಾಗಿದ್ದ ಅಜ್ಜನ ಕಾಗದ, ಮಿಶನ್ ಶಾಲೆಯ ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಬಲ್ಮಠದ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕ, ದಾಖಲೆಗಳ ಸಂಗ್ರಹವಿದೆ. ಅಲ್ಲಿಗೆ ಮೂಲವನ್ನು ಕೊಡಿ, ಮನಸ್ಸಿಲ್ಲದಿದ್ದರೆ ಒಂದು ನಕಲನ್ನಾದರೂ ಕೊಡಿ.